ತಾತನನ್ನು ಬದಲಾಯಿಸಿಕೊಂಡವಳು

ನನ್ನ ತಾತ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರಲ್ಲ. ಹಾಗೆಂದು ಪಕ್ಕದ ಮನೆಯ ಮಾರ್ಟಿನ್‌ಗೆ ನಾನು ಹೇಳಿದ್ದು ಸುಳ್ಳು. ಜೈಲಿಗೆ ಹೋದವರು ಅಜ್ಜಿಯ ಅಣ್ಣ. ತಾತ — ಅಪ್ಪನ ಅಪ್ಪ — ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಲಾರಿ ಓಡಿಸಿದವರು. ಇಟಲಿಯ ಬೆಟ್ಟದ ದಾರಿಗಳಲ್ಲಿ ಮದ್ದುಗುಂಡು ಮೇಲಕ್ಕೆ ಒಯ್ದು, ಗಾಯಾಳುಗಳನ್ನು ಕೆಳಕ್ಕೆ ತಂದವರು.

ಅವರು ಸೈನ್ಯ ಸೇರಿದ್ದು ಹಿಟ್ಲರನ ಮೇಲಿನ ಸಿಟ್ಟಿನಿಂದಲ್ಲ. ಯುದ್ಧದಿಂದಾಗಿ ಅಕ್ಕಿ ಸಿಗುತ್ತಿರಲಿಲ್ಲ. ಸೈನ್ಯದಲ್ಲಿ ಊಟವಿತ್ತು, ಅಷ್ಟೇ. ಒಂದು ಕಿವಿ ಕೇಳದಂತಾಗಿ ಮೈಸೂರಿಗೆ ಮರಳಿದಾಗ ಕಾಲವೇ ಬದಲಾಗಿತ್ತು. "ಪರಂಗಿಯವರ ಕೂಳು ತಿಂದವನು" ಎಂದು ನೆಂಟರೇ ಆಡಿಕೊಂಡರು. ಅವರ ತೊಡೆಯ ಮೇಲೆ ಕೂತು ತುತ್ತು ತಿಂದ ನಾನೂ — ಅವರ ಬಗ್ಗೆ ನಾಚುವುದನ್ನು ಕಲಿತೇ ಬೆಳೆದೆ.

ನಾನೂ ನನ್ನ ಗಂಡ ರಘುವೂ ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಗೆ ಬಂದಾಗ ಮಾರ್ಟಿನ್‌ಗೆ ಎಪ್ಪತ್ತು ದಾಟಿತ್ತು. ಬಸ್ ಓಡಿಸಿ ನಿವೃತ್ತರಾದವರು. ಒಂದು ಭಾನುವಾರ ಹಿತ್ತಲ ಗೋಡೆಗೆ ಆತುಕೊಂಡು ಕೇಳಿದರು — "ಹಿಟ್ಲರನ ಯುದ್ಧಕ್ಕೆ ನಿಮ್ಮ ಕಡೆಯಿಂದಲೂ ತುಂಬ ಜನ ಹೋಗಿದ್ರಂತೆ. ನಿಮ್ಮ ಮನೆಯಿಂದ ಯಾರಾದ್ರೂ?"

ಐರಿಷ್ ಮನುಷ್ಯ, ಬ್ರಿಟಿಷರೊಡನೆ ಬಡಿದಾಡಿ ಸ್ವತಂತ್ರವಾದ ದೇಶದವರು; ಬ್ರಿಟಿಷರ ಪರ ಹೋದವರೆಂದರೆ ಏನೆಂದುಕೊಂಡಾರು! "ಇಲ್ಲ," ಎಂದೆ. "ನಮ್ಮ ತಾತ ಬ್ರಿಟಿಷರ ವಿರುದ್ಧ ಹೋರಾಡಿ ಜೈಲಿಗೆ ಹೋಗಿದ್ರು."

ಅವರು ಗೋಡೆಯಿಂದ ಹಿಂದೆ ಸರಿದರು. "ಗ್ರ್ಯಾಂಡ್... ಗ್ರ್ಯಾಂಡ್," ಎಂದು — ಇಲ್ಲಿಯವರ 'ಸರಿ, ಸರಿ' — ಒಳಗೆ ಹೋದರು.

ರಘು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದ. "ಯಾಕೆ ಹಂಗಂದೆ? ನಿಮ್ಮ ತಾತ ಮಿಲಿಟರಿಲಿ ಇದ್ರಲ್ವಾ?"

"ಬಿಡು, ಅವ್ರಿಗೆ ಹೇಗೆ ಗೊತ್ತಾಗುತ್ತೆ?"

ಆಮೇಲೆ ಮಾರ್ಟಿನ್ ಯುದ್ಧದ ಮಾತು ಎತ್ತಲೇ ಇಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಅವರ ಮನೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮಗಳು ನೂಲಾ ನನ್ನ ಪಕ್ಕ ಬಂದು ಕೂತಳು. ಮಾರ್ಟಿನ್ ತಂದೆ ಐರಿಷ್ ಸೈನಿಕರಂತೆ. ಐರ್ಲೆಂಡ್ ಯುದ್ಧಕ್ಕೆ ಇಳಿಯಲಿಲ್ಲ. ಅವರು ಯಾರಿಗೂ ಹೇಳದೆ ಸಮುದ್ರ ದಾಟಿ ಬ್ರಿಟಿಷ್ ಸೈನ್ಯ ಸೇರಿ ಹೋರಾಡಿದರು. ಗೆದ್ದು ಬಂದಾಗ ಇಲ್ಲಿ ಸ್ವಂತ ಸೈನ್ಯ ಬಿಟ್ಟು ಓಡಿಹೋದವನೆಂಬ ಹೆಸರು. ಸರ್ಕಾರಿ ಕೆಲಸ ಸಿಗಲಿಲ್ಲ. ಎದುರಾದವರು ಮುಖ ತಿರುಗಿಸಿದರು. ಮಗ ಮಾರ್ಟಿನ್ ಆ ಅವಮಾನದಲ್ಲೇ ಬೆಳೆದರು.

"ಅಪ್ಪ ಇದನ್ನ ಯಾರ ಹತ್ರನೂ ಹೇಳ್ಕೊಂಡಿರಲಿಲ್ಲ," ಎಂದಳು ನೂಲಾ. "ನಿಮ್ಮ ಹತ್ರ ಹೇಳ್ಬೇಕು ಅಂತಿದ್ರು. ಆಮೇಲೆ, ಜೈಲಿಗೆ ಹೋದವರ ಮೊಮ್ಮಗಳ ಮುಂದೆ ಯಾವ ಮುಖ ಇಟ್ಕೊಂಡು ಹೇಳ್ಲಿ ಅಂದ್ರು. ನಿಮ್ಮ ತಾತ ದೊಡ್ಡವರು."

ನಾನು — ಹೇಳಲೂ ನಾಲಿಗೆ ಏಳುತ್ತಿಲ್ಲ — ತಲೆಯಾಡಿಸಿದೆ. ಆ ಹೊಗಳಿಕೆಯನ್ನೂ ತೆಗೆದುಕೊಂಡೆ. ಕೋಣೆಯ ತುಂಬ ಜನರಿದ್ದರು ಎನ್ನಬಹುದು. ಅದು ಕಾರಣವಲ್ಲ.

ಅಪ್ಪನ ಮನೆ ಖಾಲಿ ಮಾಡಲು ನೂಲಾ ಮತ್ತೆ ಬಂದ ದಿನ ಗೇಟಿನ ಹತ್ತಿರ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ತಾತ, ಲಾರಿ, ಇಟಲಿ, ನನ್ನ ಸುಳ್ಳು. ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

"ಇದನ್ನ ನೀವು ಅಪ್ಪನಿಗೆ ಹೇಳ್ಬೇಕಿತ್ತು," ಎಂದಳು.

ಹೌದು. ಎಂಟು ವರ್ಷ ಅವರು ಗೋಡೆಯ ಆಚೆಗೇ ಇದ್ದರು.