ಖಂಡೇನವಮಿಗೆ ನಾನು ತಿಕ್ಕಿದ ನಳಿಗೆ

ನಿನ್ನ ರೈಫಲ್ ಕೆಡಿಸಿದವಳು ನಾನು, ಸುಮಾ. ನಿನ್ನ ದೊಡ್ಡವ್ವ. ಇಷ್ಟು ವರ್ಷ ನೀನು ನಿನ್ನ ಕೈಯನ್ನೇ ಬೈದುಕೊಂಡೆ — ನಾನು ಕೇಳುತ್ತ ಕೂತೆ.

ಆ ವರ್ಷ ದಸರೆ ಮುಗಿದ ಕೂಡಲೇ ನಿನ್ನ ರೈಫಲ್ ಶೂಟಿಂಗ್ ತಂಡದ ಸೆಲೆಕ್ಷನ್ ಇತ್ತು. ನೀನು ನಮ್ಮ ವಿಜಯಪುರದ ಮನೆಯಲ್ಲಿದ್ದು ಕಾಲೇಜು, ಶೂಟಿಂಗ್ ಎರಡನ್ನೂ ನಡೆಸಿದ್ದೆ. ಹಬ್ಬಕ್ಕೆ ಘೋಣಸಗಿಗೆ ಅಪ್ಪ-ಅವ್ವನ ಹತ್ತಿರ ಹೊರಟಾಗ ಹೇಳಿದ್ದೆ, "ದೊಡ್ಡವ್ವಾ, ರೈಫಲ್ ಒಳಗಿಂದು ಮುಟ್ಟಬ್ಯಾಡ್ರಿ. ನಾ ಬಂದು ಮಾಡ್ತೀನಿ."

ಖಂಡೇನವಮಿ, ಆಯುಧಪೂಜೆಯ ದಿನ. ಕುಡಗೋಲು, ಈಳಿಗೆ ಎಲ್ಲ ಪೂಜೆಗೆ ಹೊಳೆಯುತ್ತಿದ್ದವು. ನಿನ್ನ ರೈಫಲ್ಲಿನ ನಳಿಗೆಯೊಳಗೆ ಮಾತ್ರ ಸೀಸದ ಕರಿ ಪದರ — ಎಣ್ಣೆಬಟ್ಟೆಗೆ ಜಗ್ಗಲಿಲ್ಲ. ಮುಸುರೆ ಆಯುಧವನ್ನು ದೇವರ ಮುಂದೆ ಇಡುವುದೇ? ಅದೂ ಅಲ್ಲ, ನಿಜ ಹೇಳುತ್ತೇನೆ — ಕಾನ್ವೆಂಟ್‌ನಲ್ಲಿ ಎನ್‌ಸಿಸಿ ಕೆಡೆಟ್ ಆಗಿ ರೈಫಲ್ ಹಿಡಿದವಳು ನಾನು, ಐ ನೋ ಬೆಟರ್ ಎಂಬ ಸೊಕ್ಕು. ಡ್ರಿಲ್ ಮಷೀನಿಗೆ ಉದ್ದ ಸಲಾಕೆ, ಅದರ ತುದಿಗೆ ಉಕ್ಕಿನ ತಂತಿಯ ಬ್ರಷ್ ಸಿಕ್ಕಿಸಿ ನಳಿಗೆಯೊಳಗೆ ತಿರುಗಿಸಿದೆ. ಕಿರ್ರೆಂದಿತು. ಮತ್ತೆ ಒತ್ತಿದೆ. ಮತ್ತೆ —

ಒಳಗೆಲ್ಲ ಕನ್ನಡಿ! ಆದರೆ ನಳಿಗೆಯ ಬಾಯಿಯಂಚಿಗೆ ಉಗುರು ಆಡಿಸಿದರೆ, ಗುಂಡನ್ನು ತಿರುಗಿಸಿ ನೇರ ಕಳಿಸುವ ಗೆರೆಗಳು ಸವೆದುಹೋಗಿದ್ದವು. ಆ ಕ್ಷಣವೇ ಗೊತ್ತಾಯಿತು ನನಗೆ. ಗೊತ್ತಾಗಿಯೂ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದೆ.

ಸೆಲೆಕ್ಷನ್‌ನಲ್ಲಿ ಗುಂಡುಗಳು ದಿಕ್ಕಾಪಾಲು. ನೀನು ಮನೆಗೆ ಬಂದು ಕೇಳಿದೆ, "ದೊಡ್ಡವ್ವಾ, ಬ್ಯಾರಲ್‌ಗೆ ಏನರ ಮಾಡೀರೇನ್ರಿ?"

"ನಾ ಏನ್ ಮಾಡ್ಲೆವ್ವಾ? ಕುಂಕುಮ ಹಚ್ಚೀನಿ, ಅಷ್ಟ."

ನೀನು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹೊಳೆಯುತ್ತಿತ್ತು; ಆ ಹೊಳಪಿನಲ್ಲಿ ಸವೆತ ನಿನಗೆ ಕಾಣಲಿಲ್ಲ.

"ಹಂಗಾರ ನನ್ನ ಕೈನ ಸರಿ ಇಲ್ಲ ಬಿಡ್ರಿ."

ನಿನ್ನಪ್ಪ ಬಂದವನು, "ಬಂದೂಕ ಸಾಕು ಮಾಡಬೇ, ಲಟ್ಟಣಿಗಿ ಹಿಡಿ. ಚಪಾತಿ ಆದ್ರೂ ದುಂಡಗ ಬರ್ತಾವೇನ್ ನೋಡೂಣು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಮಾ. ನಾನೂ…

ಕಾಲು ತಗುಲಿದರೂ ಸಾರಿ ಅನ್ನುವವಳು ನಾನು. ಇದೊಂದಕ್ಕೆ ಬಾಯಿ ಬರಲಿಲ್ಲ. ನೀನು ರೈಫಲ್ ಬಿಟ್ಟೆ, ಮದುವೆಯಾಗಿ ಬಬಲೇಶ್ವರಕ್ಕೆ ಹೋದೆ. ಇನ್ನೇನು, ಮುಗಿಯಿತು ಅಂದುಕೊಂಡಿದ್ದೆ.

ಮುಗಿದಿಲ್ಲ. ಮೊನ್ನೆ ನಿಮ್ಮಲ್ಲಿಗೆ ಬಂದಾಗ ನಿನ್ನ ಮಗಳು ತಾನೂ ಶೂಟಿಂಗ್ ಕಲಿಯುತ್ತೇನೆ ಎಂದಳು. ನೀನು ಹೇಳಿದೆ, "ಬ್ಯಾಡವ್ವಾ. ನಮ್ಮ ಕೈಯಾಗ ಅದು ಇಲ್ಲ." ಆ ಹುಡುಗಿ ತನ್ನ ಅಂಗೈ ನೋಡಿಕೊಂಡಳು. ನಾನು ಅಲ್ಲೇ ಕೂತಿದ್ದೆ, ಚಹಾ ಕುಡಿಯುತ್ತ. ನನ್ನ ಸುಳ್ಳು ಅವಳ ಕೈಗೂ ಹತ್ತಿತಲ್ಲ — ದೇವರೇ, ಇನ್ನೂ ಎಲ್ಲಿಯವರೆಗೆ?

ನಾಳೆ ಬಬಲೇಶ್ವರಕ್ಕೆ ಬರುತ್ತೇನೆ. ನಿನ್ನಪ್ಪನನ್ನೂ ಕರೆಸು. ಮಗಳನ್ನು ಒಳಗೆ ಕಳಿಸಬೇಡ, ಅವಳ ಎದುರೇ ಹೇಳಬೇಕು. ಆಮೇಲೆ ನೀನು ನನ್ನನ್ನು ದೊಡ್ಡವ್ವ ಎನ್ನದಿದ್ದರೂ ಸರಿ.