ಕಿಣತ್ತುಕಡವಿನಲ್ಲಿ ಇಳಿಯದವರು

ಹೋದ ತಿಂಗಳು ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬರು ತಮ್ಮ ಊರು ಬಂದರೂ ಇಳಿಯಲಿಲ್ಲ. ನಿದ್ದೆ ಹತ್ತಿತ್ತೇ? ಇಲ್ಲ. ನನ್ನ ಕೈಲಿದ್ದ ಪತ್ರಿಕೆಯ ಧಾರಾವಾಹಿ ಮುಗಿದಿರಲಿಲ್ಲ, ಅಷ್ಟೇ.

ನಿಮಗೆ ಗೊತ್ತೇ ಇದೆ, ನಾನು ದಿನಾ ಕೊಯಮತ್ತೂರಿನಿಂದ ಪೊಳ್ಳಾಚಿಯ ಬ್ಯಾಂಕಿಗೆ ಓಡಾಡುವವಳು. ಗಾಂಧಿಪುರಂ ಬಸ್ ಸ್ಟ್ಯಾಂಡಿನ ಅಂಗಡಿಯೊಂದರಲ್ಲಿ ತಮಿಳು ಪತ್ರಿಕೆಗಳ ಸಾಲಿನ ನಡುವೆ ಒಂದೇ ಒಂದು ಕನ್ನಡ ವಾರಪತ್ರಿಕೆ ನೇತಾಡುತ್ತಿರುತ್ತದೆ. ಅಂಗಡಿಯವರು ಅದನ್ನು ತರಿಸುವುದು ನನಗೋಸ್ಕರ. (ಮೈಸೂರು ಬಿಟ್ಟು ಬಂದವಳಿಗೆ ಅಷ್ಟಾದರೂ ಬೇಡವೇ?) ಅವತ್ತು ಸೀಟು ಸಿಕ್ಕಿದ ಖುಷಿಯಲ್ಲಿ ಪತ್ರಿಕೆ ಬಿಡಿಸಿದೆ.

ಪಕ್ಕದವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಐವತ್ತರ ಆಸುಪಾಸು. ಅದು ತೆಲುಗಾ ಎಂದು ತಮಿಳಿನಲ್ಲಿ ಕೇಳಿದರು. ಕನ್ನಡ ಎಂದೆ. ಮುಖವೇ ಬದಲಾಯಿತು.

"ನಾವೂ ಮನೇಲಿ ಕನ್ನಡಾನೇ ಮಾತಾಡೋದು, ಕಣ್ಣು. ಎಳುತ್ತು ಮಾತ್ರ ತಿಳಿಯಲ್ಲ."

(ಎಳುತ್ತು ಎಂದರೆ ಅಕ್ಷರ. ಕಣ್ಣು ಎಂದರೆ, ಈ ಕಡೆಯ ಹಿರಿಯರ ಬಾಯಲ್ಲಿ, ನಾನು.)

ಹೆಸರು ರಂಗಮ್ಮಾಳ್. ತಲೆಮಾರುಗಳಿಂದ ಕಿಣತ್ತುಕಡವಿನಲ್ಲಿ ಬೇಸಾಯ ಮಾಡಿಕೊಂಡಿರುವ ಮನೆತನ. ಹಿಂದಿನ ಸಂಜೆ ಗಾಂಧಿಪುರಂನಲ್ಲಿ ಸೊಸೆಗೆ ಸೀರೆ ಕೊಂಡು, ನೆಂಟರ ಮನೆಯಲ್ಲಿ ಉಳಿದು ಊರಿಗೆ ಹೊರಟಿದ್ದರು. ಸ್ವಲ್ಪ ಜೋರಾಗಿ ಓದುತ್ತೀಯಾ ಎಂದರು. ಓದಿದೆ.

ನಿಜ ಹೇಳುತ್ತೇನೆ, ನನಗೆ ಆ ಧಾರಾವಾಹಿ ಶುದ್ಧ ಬೋರು. ಅಕ್ಕನ ಮಾತು ಮೀರಿ ಮದುವೆಯಾದ ತಂಗಿ ಮಗುವನ್ನೆತ್ತಿಕೊಂಡು ಬಂದು ಬಾಗಿಲು ಬಡಿಯುತ್ತಾಳೆ. ಅಕ್ಕ ಒಳಗಿದ್ದಾಳೆ. ಇಂಥವನ್ನು ಎಷ್ಟು ಓದಿಲ್ಲ ನಾವು? ಆದರೆ ರಂಗಮ್ಮಾಳ್ ಉಸಿರು ಬಿಗಿ ಹಿಡಿದು ಕೇಳುತ್ತಿದ್ದರು. ಕಂಡಕ್ಟರ್ ಕಿಣತ್ತುಕಡವು ಎಂದು ಕೂಗಿದಾಗ ನಾನು ಓದು ನಿಲ್ಲಿಸಿದೆ. ಅವರು ಏಳಲಿಲ್ಲ. ಪೊಳ್ಳಾಚಿಗೆ ಟಿಕೆಟ್ ತೆಗೆದುಕೊಂಡು, ಮುಂದೆ ಓದು ಎಂದು ಸನ್ನೆ ಮಾಡಿದರು.

ಅಕ್ಕನ ಕೈ ಚಿಲಕದ ಮೇಲೆ ನಿಂತಲ್ಲಿಗೆ ಆ ವಾರದ ಕಂತು ಮುಗಿಯಿತು.

"ಅಪ್ಪುರಂ? ಆಮೇಲೆ? ತೆಗೆದಳಾ?"

ಗೊತ್ತಿಲ್ಲ, ಮುಂದಿನ ವಾರ ಬರಬೇಕು ಎಂದೆ. ಅವರು ಮಡಿಲಲ್ಲಿದ್ದ ಸೀರೆಯ ಗಂಟನ್ನು ಬಿಗಿದು ಕಟ್ಟಿದರು. ಆಮೇಲೆ ಹೇಳಿದರು. ಅವರಿಗೂ ಒಬ್ಬಳು ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಜಡೆ ಹಾಕಿ, ತುತ್ತಿಟ್ಟು ಬೆಳೆಸಿದ್ದು ಇವರೇ. ಅವಳು ವಾಲ್ಪಾರೈಯ ಟೀ ಎಸ್ಟೇಟಿನವನೊಬ್ಬನನ್ನು ತಾನೇ ಮೆಚ್ಚಿ ಮದುವೆಯಾದಳು. ಮನೆಯವರೆಲ್ಲ ಸಂಬಂಧ ಕಡಿದುಕೊಂಡರು.

"ಅವಳೂ ಹಿಂಗೇ ಕೈಗೂಸು ಎತ್ಕೊಂಡು ಬಂದಳು, ಕಣ್ಣು. ನಾ ಒಳಗೇ ಇದ್ದೆ. ತೆಗೀಲಿಲ್ಲ."

ಪೊಳ್ಳಾಚಿಯಲ್ಲಿ ಇಳಿದೆವು. ವಾಪಸ್ ಹೋಗುವ ಬಸ್ಸನ್ನು ತೋರಿಸಿದೆ. ಅವರು ವಾಲ್ಪಾರೈ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ನಾನು ಬ್ಯಾಂಕಿನ ಕಡೆ ಓಡುತ್ತಾ ತಿರುಗಿ ನೋಡಿದಾಗ ಸೀರೆಯ ಗಂಟನ್ನು ಎದೆಗವುಚಿಕೊಂಡು ಆ ಬಸ್ಸು ಹತ್ತುತ್ತಿದ್ದರು.

ಆಕಳಿಸುತ್ತಾ ಓದುತ್ತಿದ್ದ ನಾನು ಮುಂದಿನ ಸಂಚಿಕೆಗೆ ಕಾದು ಕೂತೆ. ಬಂತು. ಲೇಖಕ ಮಹಾಶಯರು ಇಡೀ ಕಂತನ್ನು ಅಕ್ಕನ ನೆನಪುಗಳಿಗೇ ಕೊಟ್ಟಿದ್ದರು. ಕೈ ಇನ್ನೂ ಚಿಲಕದ ಮೇಲೆ! ಅದರ ಮುಂದಿನ ವಾರವೂ ಅಷ್ಟೇ. ಆದರೆ ನನಗೆ ಬೇಕಿದ್ದದ್ದು ಆ ಬಾಗಿಲಿನ ಸುದ್ದಿಯಾಗಿತ್ತೇ? ಬಸ್ಸು ಕಿಣತ್ತುಕಡವಿನಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು.

ಮೊನ್ನೆ ಸಂಜೆ ನಾನು ಮನೆಗೆ ಮರಳುವಾಗ ಕಿಣತ್ತುಕಡವಿನಲ್ಲಿ ರಂಗಮ್ಮಾಳ್ ಬಸ್ ಹತ್ತಿದರು. ನನ್ನನ್ನು ಕಂಡವರೇ ಪಕ್ಕದಲ್ಲಿ ಕೂತು, ಅವಳು ಬಾಗಿಲು ತೆಗೆದಳಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಅಷ್ಟೊಂದು ಯೋಚನೆ ಯಾಕೆ, ತೆಗೆದುಬಿಡಬಾರದಾ ಎಂದು ಗೊಣಗಿದರು.

ನಿಮ್ಮ ತಂಗಿ ಸಿಕ್ಕಳಾ ಅಕ್ಕ, ಎಂದೆ.

ವಿಚಾರಿಸಿಕೊಂಡು ಎಸ್ಟೇಟಿನ ಕೂಲಿ ಲೈನಿನ ಮನೆ ತಲುಪಿದಾಗ ಬೀಗ ಹಾಕಿತ್ತಂತೆ. ತಂಗಿ ಎಲೆ ಕೀಳಲು ಹೋಗಿದ್ದಳು. ಇವರು ಮೆಟ್ಟಿಲ ಮೇಲೆ ಕೂತರು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡ ಮಾತುಗಳಿದ್ದವು. ಸಂಜೆ ತಂಗಿ ಬಂದಳು. ನೋಡಿದಳು. ಇವರು ಮೆಟ್ಟಿಲಿಂದ ಎದ್ದು ನಿಂತರು. ಅವಳು ಬುಟ್ಟಿ ಕೆಳಗಿಟ್ಟು ಕೇಳಿದ್ದು ಇಷ್ಟು:

"ಬಸ್ಸಲ್ಲಿ ವಾಂತಿ ಬಂತಾ, ಅಕ್ಕಾ?"

ಘಾಟಿ ಏರಿದರೆ ರಂಗಮ್ಮಾಳ್‌ಗೆ ಚಿಕ್ಕಂದಿನಿಂದಲೂ ಹೊಟ್ಟೆ ತೊಳಸುತ್ತದೆ. ಆಗೆಲ್ಲ ಮೂಗಿಗೆ ನಿಂಬೆಹಣ್ಣು ಹಿಡಿಯುತ್ತಿದ್ದವಳು ಆ ತಂಗಿ. ಇಷ್ಟನ್ನು ಹೇಳಿ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ತಂಗಿ ಊರಿಗೆ ಬರುತ್ತಾಳಾ ಎಂದು ಕೇಳಿದೆ.

"ಬರ್ತೀನಿ ಅನ್ನಲಿಲ್ಲ, ಕಣ್ಣು. ಬರಲ್ಲ ಅಂತಲೂ ಅನ್ನಲಿಲ್ಲ."

ಹಾಗೆಂದು, ಪತ್ರಿಕೆ ತೆಗೆ, ಓದು ಎಂದರು.

ಮನೆಮನೆಗೂ ಟಿವಿ ಬರುತ್ತಿದೆ, ಇನ್ನು ಕಥೆ ಓದುವವರು ಯಾರು ಎಂದು ಬರೆಯುವವರು ಕೊರಗುತ್ತಿದ್ದಾರೆ. ಸಸ್ಪೆನ್ಸ್ ಹಾಕಿ, ಟ್ವಿಸ್ಟ್ ಕೊಡಿ ಎಂದು ಸಲಹೆಗಳು ಬೇರೆ. ಇರಲಿ, ಅವೂ ಬೇಕು. ಆದರೆ ರಂಗಮ್ಮಾಳ್ ತಮ್ಮ ಊರು ದಾಟಿ ಹೋದದ್ದು ಟ್ವಿಸ್ಟಿಗಾಗಿ ಅಲ್ಲ, ಬಾಗಿಲಾಚೆ ನಿಂತಿದ್ದ ತಂಗಿಗಾಗಿ.

ನೀವೇ ಹೇಳಿ, ನೀವು ಪುಟ ತಿರುಗಿಸುವುದು ಯಾರು ಬರಲೆಂದು?