ಬಸವಣ್ಣೆವ್ವನವರ ಮೊಳೆಯಿಲ್ಲದ ಗೋಡೆ

ಸದಾಶಿವ ಪೇಠೆಯಲ್ಲಿ, ಹಲವು ಬಾಡಿಗೆದಾರರಿದ್ದ ನಮ್ಮ ವಾಡೆಯಲ್ಲಿ ಬಸವಣ್ಣೆವ್ವನವರ ಕೋಣೆಯ ಗೋಡೆಗೆ ಒಂದೇ ಒಂದು ಮೊಳೆ ಇರಲಿಲ್ಲ. ದೇವರ ಪಟ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತಿತ್ತು. ಗಂಡನ ಕೋಟು ಬಾಗಿಲ ಮೇಲೆ, ಮೊರ ಜರಡಿ ನೆಲದ ಮೇಲೆ. ಮದುವೆಯಾಗಿ ವಿಜಾಪುರದಿಂದ ಪುಣೆಗೆ ಬಂದವರಿಗೆ ಇಲ್ಲಿಯೇ ಕೂದಲು ನರೆತಿತ್ತು. ಆದರೂ ಕೇಳಿದವರಿಗೆಲ್ಲ ಒಂದೇ ಉತ್ತರ: "ಇವರ ಪೆನ್ಶನ್ ಆದಮ್ಯಾಲೆ ಊರಿಗೆ ಹೋಗೋರು ನಾವು. ಹೋಗೋ ಮಂದಿಗೆ ಮೊಳಿ ಯಾಕ ಬೇಕ್ರಿ?"

ಊರಲ್ಲಿ ಅವರ ಅಕ್ಕ ಕಾಶವ್ವ ಇದ್ದರು, ಹಿತ್ತಲಲ್ಲಿ ಬೇವಿನ ಮರವಿದ್ದ ತೌರುಮನೆ ಇತ್ತು. ಆ ಮರದ ಸುದ್ದಿ ಎತ್ತಿದರೆ ಅವರ ದನಿಯೇ ಬೇರೆಯಾಗುತ್ತಿತ್ತು.

ಮರಾಠಿಯನ್ನೂ ಅವರು ಮೊಳೆಯ ಹಾಗೆಯೇ ದೂರವಿಟ್ಟಿದ್ದರು. ನಾನು ಉಡುಪಿ ಕಡೆಯವಳು. ನನ್ನ ಗಂಡ ಕ್ಯಾಂಪಿನ, ಎಂದರೆ ದಂಡು ಪ್ರದೇಶದ, ಒಂದು ಹೋಟೆಲಿನಲ್ಲಿ ಅಡುಗೆಯವರು. ಪಕ್ಕದ ಕೋಣೆಗೆ ನಾವು ಬಂದದ್ದೇ ತಡ, ಅವರ ನಾಲಿಗೆಯ ಕೆಲಸವೂ ನನ್ನ ಪಾಲಿಗೆ ಬಂತು. ತರಕಾರಿಯವಳು ಬಂದರೆ, "ಲೀಲಾಕ್ಷಿ, ಬಾ ಯವ್ವಾ, ಇಕಿ ಏನ ಒದರಾಕತ್ತಾಳ ನೋಡು" ಎಂದು ಕರೆ. ನಾನು ಒಲೆಯ ಮೇಲಿನ ಬಾಣಲೆ ಇಳಿಸಿ ಓಡಬೇಕು. ನನ್ನ ಮರಾಠಿಯಾದರೂ ಎಂಥದು? ತರಕಾರಿಯವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ವರ್ಷಗಟ್ಟಲೆ ಅವರ ಕೊತ್ತಂಬರಿಗೆ ನಾನು ಚೌಕಾಶಿ ಮಾಡಿದೆ. ಒಮ್ಮೆಯೂ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಅವರ ಗಂಡ ಹೊಳಬಸಪ್ಪನವರು ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು, ೧೯೩೮ರಲ್ಲಿ ಪೆನ್ಶನ್ ಪಡೆದರು. ವಾಡೆಯ ಒಡತಿ ಕೃಷ್ಣಾಬಾಯಿ ಕೋಣೆ ಖಾಲಿಯಾಗುತ್ತದೆಂದು ಒಬ್ಬ ಮಾಸ್ತರರಿಗೆ ಮಾತು ಕೊಟ್ಟೂ ಆಗಿತ್ತು. ಬಸವಣ್ಣೆವ್ವ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಗೋಣಿಚೀಲಕ್ಕೆ ತುಂಬಿದರು. ಅಷ್ಟರಲ್ಲಿ ಹೊಳಬಸಪ್ಪನವರು ಟಾಂಗಾದಲ್ಲಿ ಒಂದು ಪಂಜರ ಇಟ್ಟುಕೊಂಡು ಮನೆಗೆ ಬಂದರು. ಅವರ ಸಾಹೇಬನ ಹೆಂಡತಿ ವಿಲಾಯತಿಗೆ ಹೊರಟಿದ್ದಳಂತೆ. ಇವರನ್ನು ನಂಬಿ ಕೊಟ್ಟಳಂತೆ. ಒಳಗೆ ಎರಡು ಪುಟ್ಟ ಹಕ್ಕಿ, ಹಸಿರು ಮೈ, ಗುಲಾಬಿ ಮುಖ. ಏನು ಹಕ್ಕಿ ಎಂದು ನಾನು ಕೇಳಿದಾಗ ಅವರು ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, "ಲವ್‌ಬರ್ಡ್ಸ್" ಎಂದರು. ಹೆಂಡತಿಗೆ ಮಾತ್ರ ಗಿಳಿಯ ಜಾತಿ ಎಂದಷ್ಟೇ ಹೇಳಿದ್ದರು.

ಆ ಗಿಳಿಯ ಜಾತಿ ಬಂದ ದಿನವೇ ನೀರಿನ ಬಟ್ಟಲು ಬೋರಲು ಹಾಕಿತು. ಕಾಳನ್ನು ತಿಂದದ್ದಕ್ಕಿಂತ ಎರಚಿದ್ದು ಹೆಚ್ಚು. ಕೆಳಗೆ ಹಾಸಿದ ಪತ್ರಿಕೆಯನ್ನು ಹೆಣ್ಣುಹಕ್ಕಿ ಕತ್ತರಿಸಿದಷ್ಟು ನೇರವಾಗಿ ಸೀಳಿ, ಆ ಪಟ್ಟಿಗಳನ್ನು ಬಾಲದ ಮೇಲಿನ ಪುಕ್ಕದೊಳಗೆ ಸಿಕ್ಕಿಸಿಕೊಂಡು ಓಡಾಡುತ್ತಿತ್ತು. ಕೃಷ್ಣಾಬಾಯಿ ಪುರಾಣದ ಪೋಥಿ ಓದಲು ಕೂತಾಗಲೇ ಎರಡರ ಗಂಟಲೂ ತೆರೆಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬಾಗಿಲು: ಮೇಲಕ್ಕೆ ಎತ್ತುವ ಪಂಜರದ ಬಾಗಿಲನ್ನು ಅವು ಕೊಕ್ಕಿನಿಂದ ಎತ್ತಿ ಹೊರಗೆ ಬರುತ್ತಿದ್ದವು. ದಾರ ಕಟ್ಟಿದರೆ ದಾರವನ್ನು ಕಡಿದು ನಾರು ಮಾಡುತ್ತಿದ್ದವು.

"ಇವು ಪಂಜರದಾಗ ಶಿಸ್ತಿಲೆ ಇರೂದು ಕಲೀಲಿ, ಆಮ್ಯಾಲೆ ಹೋಗೋಣು" ಎಂದರು ಹೊಳಬಸಪ್ಪನವರು. "ರೈಲಿನ್ಯಾಗ ಬಾಗಲಾ ತಕ್ಕೊಂಡು ಹಾರಿ ಹೋದ್ರ? ಸಾಹೇಬ್ರ ಹೇಂತಿ ನಂಬಿ ಕೊಟ್ಟದ್ದು."

ಹೀಗೆ ಒಬ್ಬ ಹೆಂಗಸು ಜೀವಮಾನವೆಲ್ಲ ಕಾದ ಪ್ರಯಾಣ ಎರಡು ಹಕ್ಕಿಗಳ ನಡತೆಯ ಮೇಲೆ ನಿಂತಿತು. ನನಗೆ ಮೈ ಉರಿಯಿತು. ಬಸವಣ್ಣೆವ್ವ ಮಾತ್ರ ಗೋಣಿಚೀಲದಿಂದ ಒಂದು ಪಾತ್ರೆ ಹೊರತೆಗೆದು ಅನ್ನಕ್ಕೆ ಇಟ್ಟರು.

ಹೊಳಬಸಪ್ಪನವರಿಗೆ ಗೊತ್ತಿದ್ದದ್ದು ಕಚೇರಿಯ ಶಿಸ್ತು. ಕೋಟು ತೊಟ್ಟು ಪಂಜರದ ಮುಂದೆ ನಿಂತು ಗದರಿಸಿದರು. ಗಂಡುಹಕ್ಕಿಯನ್ನು ಬುಟ್ಟಿಯ ಕೆಳಗೆ ಬೇರೆಯಾಗಿ ಇಟ್ಟರು. ಎರಡೂ ಕೂಗಿದ ಕೂಗಿಗೆ ಬೀದಿಯವರು ವಾಡೆಯೊಳಗೆ ಬಂದು ಇಣುಕಿದರು. ತಪ್ಪು ಮಾಡಿದಾಗ ಬೆರಳು ತೋರಿಸಿ ಎಚ್ಚರಿಸುವುದು ಅವರ ರೂಢಿ. ಹಕ್ಕಿ ಆ ಬೆರಳನ್ನು ಕಚ್ಚಿತು. ಅರಿಶಿನ ಹಚ್ಚಿಸಿಕೊಂಡು, ಮರುದಿನ ಅದೇ ಬೆರಳು ತೋರಿಸಿ ಮತ್ತೆ ಕಚ್ಚಿಸಿಕೊಂಡರು.

ಕೊನೆಗೆ ಬಸವಣ್ಣೆವ್ವನೇ ಕೈ ಹಾಕಿದರು. ಊರಿಗೆ ಹೋಗಬೇಕಾದವರು ಅವರು ತಾನೆ? ರೊಟ್ಟಿ ಬಡಿಯುತ್ತ ಬಡಿಯುತ್ತ ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ ನನ್ನ ಹತ್ತಿರ, "ಇವಕ್ಕ ಮಾಡಾಕ ಕೆಲಸಿಲ್ಲ ಯವ್ವಾ, ಅದಕ್ಕ ಹಿಂಗ ಮಾಡ್ತಾವ. ನಮ್ಮನಿಯವರಹಂಗ" ಎಂದರು.

ಬಿಡಿ ಕಾಳು ಹಾಕುವುದನ್ನು ನಿಲ್ಲಿಸಿದರು. ಸಾಸವಡದಿಂದ ಗಾಡಿಯಲ್ಲಿ ಬರುವ ಕಾಳಿನವನಿಗೆ ನನ್ನಿಂದ ಹೇಳಿಸಿ ಇಡೀ ಜೋಳದ ತೆನೆಗಳನ್ನು ತರಿಸಿದರು. ಊರಲ್ಲಿ ಗುಬ್ಬಿಗಳಿಗೆ ತೊಲೆಗೆ ತೆನೆ ಕಟ್ಟುವವರಂತೆ, ಪಂಜರದೊಳಗೆ ತಲೆಕೆಳಗಾಗಿ ಕಟ್ಟಿದರು. ಒಂದೊಂದು ಕಾಳು ಬಿಡಿಸಿ ತಿನ್ನಲು ಆ ಕಳ್ಳರಿಗೆ ಅರ್ಧ ದಿನ ಬೇಕಾಯಿತು. ತೊಗಟೆಯಿದ್ದ ಪೇರಲ ಟೊಂಗೆ ಕೊಟ್ಟರು, ಕಡಿಯಲಿ ಎಂದು. ನೀರಿಗೆ ಉಪ್ಪಿನಕಾಯಿಯ ಕಲ್ಲಿನ ಬಟ್ಟಲು. ಅದನ್ನು ಉರುಳಿಸುವುದು ನನ್ನಿಂದಲೂ ಆಗದು. ಕತ್ತಲಾದರೆ ಮೇಲೊಂದು ಕೌದಿ. ರೊಟ್ಟಿಯ ಅಂಚು ಮುರಿದು ಕೊಟ್ಟೂ ಕೊಟ್ಟೂ, ಬಡಿಯುವ ಸಪ್ಪಳ ಕೇಳಿದರೆ ಸಾಕು, ಎಲ್ಲಿದ್ದರೂ ಹಾರಿ ಬಂದು ಪಂಜರದ ಮೇಲೆ ಕೂರುವುದನ್ನು ಕಲಿಸಿದರು. ಪಂಜರದ ಬಾಗಿಲಿಗೆ ಸಣಬಿನ ಹುರಿಯೊಂದನ್ನು ಬಿಗಿದು ಗಂಟು ಹಾಕಿದರು. ಹಕ್ಕಿಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವಕ್ಕೆ ಪುರಸೊತ್ತೇ ಇರಲಿಲ್ಲ.

ಅವುಗಳಿಗೇನೋ ಶಿಸ್ತು ಬಂತು. ಹೊಳಬಸಪ್ಪನವರ ಮುಖ ಯಾಕೋ ಸಪ್ಪಗಾಯಿತು.

ಹೊರಡುವ ದಿನ ನಿಗದಿಯಾಯಿತು. ಗೋಣಿಚೀಲ ಮತ್ತೆ ತುಂಬಿತು. ಹಿಂದಿನ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಸರದಿಗೆ ನಿಂತಿದ್ದೆ. ಕೃಷ್ಣಾಬಾಯಿಯ ತುಳಸಿಕಟ್ಟೆಯ ಮೇಲೆ ಎರಡು ಗುಲಾಬಿ ಮುಖ ಕಾಣಿಸಿದವು.

"ನೋಡಿದ್ಯಾ?" ಹೊಳಬಸಪ್ಪನವರು ಅಂಗಳಕ್ಕೆ ಓಡಿಬಂದು ಹೆಂಡತಿಯನ್ನು ಕೂಗಿದರು. ಅಷ್ಟು ಉತ್ಸಾಹದ ದನಿಯನ್ನು ಪೆನ್ಶನ್ ಆದಮೇಲೆ ನಾನು ಕೇಳಿರಲಿಲ್ಲ. "ಮತ್ತ ಬಾಗಲಾ ತಕ್ಕೊಂಡಾವ! ಹಿಂಗಾದ್ರ ರೈಲಿನ್ಯಾಗ ಹ್ಯಾಂಗ ಒಯ್ಯೂದು?"

ಬಸವಣ್ಣೆವ್ವ ಒಳಗೆ ಹೋಗಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದರು. ಹಕ್ಕಿಗಳು ನಮ್ಮೆಲ್ಲರ ತಲೆಯ ಮೇಲಿನಿಂದ ಒಳಗೆ ಹಾರಿದವು. ಅವನ್ನು ಪಂಜರಕ್ಕೆ ಸೇರಿಸಿದ ಮೇಲೆ ಬಸವಣ್ಣೆವ್ವ ನೆಲದ ಮೇಲೆ ಬಿದ್ದಿದ್ದ ಹುರಿಯನ್ನು ಎತ್ತಿಕೊಂಡರು. ಎಲ್ಲಿಯೂ ನಾರು ಎದ್ದಿರಲಿಲ್ಲ, ಕೊಕ್ಕಿನ ಗುರುತೂ ಇರಲಿಲ್ಲ. ಇಡಿಯಾಗಿತ್ತು. ಅದನ್ನು ಗಂಡನ ಮುಂದೆ ಹಿಡಿದರು.

"ಹಕ್ಕಿ ಹುರಿ ಕಡೀತಾವ್ರಿ" ಎಂದರು. "ಗಂಟು ಬಿಚ್ಚೂದಿಲ್ಲ."

ಹೊಸಲಿನಲ್ಲಿ ನಿಂತಿದ್ದ ನಾನು ಅಲ್ಲಿಂದ ಹೋಗಬೇಕಿತ್ತು. ಹೋಗಲಿಲ್ಲ.

ಹೊಳಬಸಪ್ಪನವರು ಟ್ರಂಕಿನ ಮೇಲೆ, ದೇವರ ಪಟದ ಪಕ್ಕದಲ್ಲಿ ಕೂತುಬಿಟ್ಟರು. ಆಮೇಲೆ, "ನನಗ ಅಂಜಿಕಿ ಆಗತದ" ಎಂದರು. "ಅಲ್ಲೆ ನಿನಗ ಅಕ್ಕ ಇದ್ದಾಳ, ಮನಿ ಅದ. ನನ್ನ ಗುರ್ತಾ ಹಿಡಿಯೋರು ಯಾರ ಅದಾರ? ನನ್ನ ವಾರಿಗಿ ಗೆಳ್ಯಾರು ಒಬ್ಬರೂ ಉಳದಿಲ್ಲ. ಇಲ್ಲೆ ಹೊರಗ ಹೋದ್ರ ನಾಕ ಮಂದಿ ನಮಸ್ಕಾರ ಅಂತಾರ. ಅಲ್ಲಿ ಕಟ್ಟಿಮ್ಯಾಲ ಕುಂತು ನಾ ಏನ ಮಾಡ್ಲಿ?"

"ಇದನ್ನ ಬಾಯಿಲೆ ಅನ್ನಬೇಕಿತ್ತಿಲ್ರಿ?" ಎಂದರು ಬಸವಣ್ಣೆವ್ವ. "ಮೂಕ ಹಕ್ಕಿ ಮ್ಯಾಲೆ ಹಾಕಿದ್ರಿ."

ಅಂದು ಅವರ ಒಲೆ ಹೊತ್ತಿದ್ದು ಅಷ್ಟಕ್ಕೇ. ಬಡಿದ ರೊಟ್ಟಿಗಳನ್ನು ಹಕ್ಕಿಗಳೇ ತಿಂದವು.

ಮರುದಿನ ರೈಲಿನ ಹೊತ್ತಿಗೆ ಟಾಂಗಾ ಬರಲಿಲ್ಲ. ಬಸವಣ್ಣೆವ್ವ ಅಂಗಳಕ್ಕೆ ಬಂದರು. ನಾನು ಅಭ್ಯಾಸಬಲದಿಂದ ಕೈ ಒರೆಸಿಕೊಂಡು ಎದ್ದೆ. ಕೃಷ್ಣಾಬಾಯಿಗೆ ಏನಾದರೂ ಹೇಳಿಸುವವರಿದ್ದಾರು ಎಂದುಕೊಂಡೆ. ಅವರು ನನ್ನನ್ನು ದಾಟಿ ಹೋಗಿ, ತಲೆಯೆತ್ತಿ, ಮಹಡಿಯ ಮೇಲಿದ್ದ ಆಕೆಯನ್ನು ಕರೆದರು.

"ಕೃಷ್ಣಾಬಾಯಿ, ಹಾತೋಡೀ ದ್ಯಾ. ಭಿಂತೀತ ಖಿಳಾ ಠೋಕಾಯಚಾಯ."

ಸುತ್ತಿಗೆ ಕೊಡಿ, ಗೋಡೆಗೆ ಮೊಳೆ ಹೊಡೆಯುವುದಿದೆ. ಅಚ್ಚ ಪೇಠೆಯ ಮರಾಠಿ. ಅದೇ ಉಸಿರಿನಲ್ಲಿ, ತಾವು ಎಲ್ಲಿಗೂ ಹೋಗುತ್ತಿಲ್ಲ, ಮಾಸ್ತರರಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಿ ಎಂದೂ ಹೇಳಿದರು. ಒಂದು ಕಡೆಯೂ ತಡವರಿಸಲಿಲ್ಲ. ಕೃಷ್ಣಾಬಾಯಿ ಕೆಳಗಿಳಿದು ಬಂದು, ಬಾಯಿ ತೆರೆದುಕೊಂಡೇ ಸುತ್ತಿಗೆ ಕೊಟ್ಟಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸುತ್ತಿಗೆ ಹಿಡಿದು ಹೋಗುತ್ತಿದ್ದವರನ್ನು ಬಾಗಿಲಲ್ಲೇ ತಡೆದೆ. "ಅಕ್ಕಾ, ಇಷ್ಟು ಚೆನ್ನಾಗಿ ಬರುತ್ತಿತ್ತಾ ನಿಮಗೆ? ಇಷ್ಟು ವರ್ಷ ನನ್ನಿಂದ ಕೊತ್ತಂಬರಿ ಚೌಕಾಶಿ ಮಾಡಿಸಿದಿರಲ್ಲ!"

"ಬರತಿತ್ತು ಯವ್ವಾ" ಎಂದರು ಬಸವಣ್ಣೆವ್ವ. ಅವರ ಕಣ್ಣು ಕೆಂಪಾಗಿತ್ತು. "ಆಡಿದ್ರ, ಇಲ್ಲೇ ಇರಾಕ ಒಪ್ಪಿದಂಗ ಆಗ್ತಿತ್ತು."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಳಗೆ ಹೊಳಬಸಪ್ಪನವರು ಪಂಜರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದರು. ಮೊಳೆ ಎಲ್ಲಿ ಹೊಡೆಯಬೇಕೆಂದು ಹೆಂಡತಿಯನ್ನು ಕೇಳಿದರು. ಅವರು ಗೋಡೆಯ ಮೇಲೆ ಒಂದು ಜಾಗ ತೋರಿಸಿದರು.